ಕೊಟ್ಟಿಗೆಯಲ್ಲಿ ಜೇನು ಕಟ್ಟಿದರೆ: ದನವೂ ಉಳಿದು ಜೇನೂ ಉಳಿಯುವ ದಾರಿ

ಕೊಟ್ಟಿಗೆಯಲ್ಲಿ ಜೇನು ಕಟ್ಟಿದೆ ಎಂದು ತಿಳಿದ ದಿನ ಎಲ್ಲಕ್ಕಿಂತ ಮೊದಲು ನೋಡಬೇಕಾದುದು ದನದ ಕುತ್ತಿಗೆಯ ಕಣ್ಣಿಯನ್ನು. ಜೇನು ಎದ್ದರೆ ಮನುಷ್ಯ ಓಡುತ್ತಾನೆ, ಕೋಳಿ ಹಾರುತ್ತದೆ, ಬಿಟ್ಟ ನಾಯಿ ತೋಟಕ್ಕೆ ನುಗ್ಗುತ್ತದೆ. ಗೋದಲಿಯ ಮುಂದೆ ಗೂಟಕ್ಕೆ ಕಟ್ಟಿದ ಹಸುವಿಗೆ ಮಾತ್ರ ನಿಂತಲ್ಲೇ ಕಚ್ಚಿಸಿಕೊಳ್ಳದೆ ಬೇರೆ ಗತಿಯಿಲ್ಲ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಪ್ರತಿಯೊಂದು ಕೆಲಸವೂ ದನವನ್ನು ಹೊರಗೆ ಹಾಕಿದ ಮೇಲೆಯೇ ಶುರುವಾಗುತ್ತದೆ. ಜೇನನ್ನು ಏನು ಮಾಡಬೇಕು ಎಂದು ಯೋಚಿಸಲು ವಾರವಿದೆ, ಕೆಲವೊಮ್ಮೆ ತಿಂಗಳೂ ಇದೆ. ಹಗ್ಗದ ವಿಷಯದಲ್ಲಿ ಅಷ್ಟು ಸಮಯವಿಲ್ಲ.

ನಮ್ಮದು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಹಳೆಯ ಕೊಟ್ಟಿಗೆ. ಮಣ್ಣಿನ ಗೋಡೆ, ಹಂಚಿನ ಮಾಡು, ಹಲಸಿನ ತೊಲೆ, ಮೇಲೆ ಹುಲ್ಲಿನ ಅಟ್ಟ. ಜೇನಿಗೆ ಇದಕ್ಕಿಂತ ಬೆಚ್ಚಗಿನ ಜಾಗ ಬೇರೆ ಬೇಕಿಲ್ಲ. ಮೊದಲ ಸಲ ಜೇನು ಕೂತಾಗ ನಾನು ಮಾಡಿದ ತಪ್ಪನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ: ಹಸುವನ್ನು ಬಿಚ್ಚದೆಯೇ, ಅದರ ಬೆನ್ನ ಮೇಲಿಂದಲೇ ಕೈ ಚಾಚಿ ತೆಂಗಿನ ಸಿಪ್ಪೆಯ ಹೊಗೆ ಹಾಕಿದೆ. ಹೊಗೆ ತಾಗಿದ ಜೇನಿಗಿಂತ ಮೊದಲು ಗಾಬರಿಗೊಂಡದ್ದು ಹಸು. ಅದು ಕೊಸರಾಡಿ ತೊಲೆಯ ಕೆಳಗಿನ ಕಂಬಕ್ಕೆ ಗುದ್ದಿತು, ಕಂಬ ಅಲುಗಿದ್ದೇ ಜೇನು ಇಳಿಯಿತು. ಹಸು ಬದುಕಿಕೊಂಡಿತು, ಆದರೆ ಎರಡು ದಿನ ಅದರ ಕಣ್ಣು ತೆರೆಯಲಿಲ್ಲ.

ಮೊದಲ ದಿನ: ದೂರ ನಿಂತು ನೋಡುವುದು

ದನಗಳನ್ನು ಮೇಯಲು ಬಿಟ್ಟೋ, ಮರದ ನೆರಳಿಗೆ ಕಟ್ಟಿಯೋ ಆದ ಮೇಲೆ, ಬಿಸಿಲು ಏರಿದ ಹೊತ್ತಿನಲ್ಲಿ ಹತ್ತು ಹನ್ನೆರಡು ಅಡಿ ದೂರದಲ್ಲಿ, ಜೇನುನೊಣಗಳ ಹಾರಾಟದ ದಾರಿಗೆ ಅಡ್ಡವಾಗದಂತೆ ಪಕ್ಕಕ್ಕೆ ಕುಳಿತು ಅರ್ಧ ಗಂಟೆ ನೋಡಬೇಕು. ಎಲ್ಲಿಂದ ಒಳಗೆ ಹೋಗುತ್ತಿವೆ, ಎಲ್ಲಿಂದ ಹೊರಗೆ ಬರುತ್ತಿವೆ, ಕಾಲಿನಲ್ಲಿ ಪರಾಗದ ಉಂಡೆ ಇದೆಯೇ, ಎರಿ, ಅಂದರೆ ಜೇನು ಕಟ್ಟುವ ಮೇಣದ ಹಲ್ಲೆ, ಕಣ್ಣಿಗೆ ಕಾಣುತ್ತದೆಯೇ, ಕಂಡರೆ ಒಂದೇ ಎರಿಯೋ ಹಲವು ಎರಿಯೋ ಎಂಬುದನ್ನು ಗಮನಿಸಬೇಕು. ಕಾಲಿಗೆ ಪರಾಗ ಮೆತ್ತಿಕೊಂಡು ಬರುತ್ತಿದ್ದರೆ ಒಳಗೆ ಮರಿಗಳಿವೆ, ಅಂದರೆ ಅದು ನೆಲೆಸಿದ ಕುಟುಂಬ.

ಕೊಟ್ಟಿಗೆಗೆ ಬರುವ ಜೇನೆಲ್ಲ ಅಲ್ಲಿ ಗೂಡು ಕಟ್ಟಿದ ಜೇನಾಗಿರಬೇಕೆಂದಿಲ್ಲ. ಬೇಸಿಗೆಯಲ್ಲಿ ಜೇನುನೊಣಗಳು ನೀರಿಗಾಗಿ, ಅದರಲ್ಲೂ ಉಪ್ಪಿನಂಶವಿರುವ ನೀರಿಗಾಗಿ, ಗಂಜಲದ ಕಾಲುವೆಗೂ ಕಲಗಚ್ಚಿನ ಬಾನಿಗೂ ಬರುತ್ತವೆ. ಹೂವಿಲ್ಲದ ತಿಂಗಳುಗಳಲ್ಲಿ ಬೂಸಾ ಚೀಲದ ಮೇಲಿನ ನುಣ್ಣನೆಯ ಹಿಟ್ಟನ್ನೇ ಪರಾಗವೆಂದು ಕಾಲಿಗೆ ಮೆತ್ತಿಕೊಂಡು ಒಯ್ಯುವುದೂ ಉಂಟು. ಮೊದಲ ಸಲ ನೋಡಿದವರಿಗೆ ಇದು ನಂಬಲು ಕಷ್ಟ. ಇಂಥ ಕಡೆ ಜೇನನ್ನು ಓಡಿಸುವ ಮಾತೇ ಬರುವುದಿಲ್ಲ. ಬೂಸಾ, ಹಿಂಡಿ, ಬೆಲ್ಲದ ಡಬ್ಬಗಳಿಗೆ ಬಿಗಿಯಾದ ಮುಚ್ಚಳ ಹಾಕಿ, ಕೊಟ್ಟಿಗೆಯಿಂದ ಮೂವತ್ತು ನಲವತ್ತು ಅಡಿ ಆಚೆ ಒಂದು ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ನೊಣಗಳು ಮುಳುಗದಂತೆ ಅದರಲ್ಲಿ ಬೆಣಚುಕಲ್ಲನ್ನೋ ಗೋಣಿಯ ತುಂಡನ್ನೋ ಹಾಕಿದರೆ ಕೆಲವು ದಿನಗಳಲ್ಲಿ ಅವು ಆ ಕಡೆಗೆ ತಿರುಗುತ್ತವೆ. ನೀರು ಒಂದು ದಿನವೂ ಆರಬಾರದು. ಆರಿದರೆ ಮತ್ತೆ ಗಂಜಲಕ್ಕೇ ಬರುತ್ತವೆ.

ಇನ್ನು ಕೆಲವೊಮ್ಮೆ ತೊಲೆಗೋ ಬಾಗಿಲಿಗೋ ದ್ರಾಕ್ಷಿ ಗೊಂಚಲಿನ ಹಾಗೆ ಜೇನಿನ ಮುದ್ದೆ ಜೋತುಬಿದ್ದಿರುತ್ತದೆ, ಎರಿ ಇರುವುದಿಲ್ಲ. ಇದು ಪಾಲಾಗಿ ಹೊರಟ ಹಿಂಡು. ಮನೆ ಹುಡುಕಲು ಹೋದ ನೊಣಗಳು ವಾಪಸು ಬರುವ ತನಕ ಅದು ಅಲ್ಲಿ ತಂಗಿರುತ್ತದೆ. ಕೆಲವು ಗಂಟೆಗಳಲ್ಲಿ, ತಪ್ಪಿದರೆ ಒಂದೆರಡು ದಿನಗಳಲ್ಲಿ ಎದ್ದು ಹೋಗುತ್ತದೆ. ಕಾಯಲು ಗೂಡೂ ಮರಿಯೂ ಇಲ್ಲದ ಕಾರಣ ಇದು ತೀರ ಸಾಧುವಾದ ಸ್ಥಿತಿ. ದನಗಳನ್ನು ಆ ಎರಡು ದಿನ ಬೇರೆ ಕಡೆ ಕಟ್ಟಿದರೆ ಸಾಕು. ಒಂದು ಹಳೆಯ ಜೇನುಪೆಟ್ಟಿಗೆಯ ಒಳಗೆ ಮೇಣ ತಿಕ್ಕಿ ಹತ್ತಿರದಲ್ಲಿಟ್ಟರೆ, ಅದೃಷ್ಟವಿದ್ದರೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಯಾವ ಜೇನು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ

ಗೋಡೆಯ ಬಿರುಕು, ತೊಲೆಯ ಪೊಟರೆ, ಅಟ್ಟದ ಮೂಲೆಯಲ್ಲಿಟ್ಟ ಹಳೆಯ ಡಬ್ಬ ಮುಂತಾದ ಕತ್ತಲೆಯ ಜಾಗದೊಳಗೆ ಸಾಲಾಗಿ ಹಲವು ಎರಿ ಕಟ್ಟಿದ್ದರೆ ಅದು ತುಡುವೆ. ಪೆಟ್ಟಿಗೆಯಲ್ಲಿ ಸಾಕುವುದೂ ಇದನ್ನೇ. ತಾನಾಗಿ ಮೈಮೇಲೆ ಬರುವ ಸ್ವಭಾವ ಇದಕ್ಕೆ ಕಡಿಮೆ. ಕೊಟ್ಟಿಗೆಯ ಸಮಸ್ಯೆಗಳಲ್ಲಿ ಹೆಚ್ಚಿನವು ತುಡುವೆಯವೇ ಆಗಿರುತ್ತವೆ.

ತೆರೆದ ಜಾಗದಲ್ಲಿ, ಎತ್ತರದಲ್ಲಿ, ಒಂದೇ ದೊಡ್ಡ ಎರಿ ಜೋತುಬಿದ್ದು, ಅದರ ಮೈಯೆಲ್ಲ ಕಪ್ಪಾಗಿ ನೊಣ ಮುಚ್ಚಿಕೊಂಡು, ಆಗಾಗ ಅಲೆ ಎದ್ದ ಹಾಗೆ ಮಿರುಗುತ್ತಿದ್ದರೆ ಅದು ಹೆಜ್ಜೇನು. ಆ ಅಲೆ ಎಚ್ಚರಿಕೆ. ಕಂಡ ಕೂಡಲೇ ಸದ್ದಿಲ್ಲದೆ ಹಿಂದೆ ಸರಿಯಬೇಕು.

ಗಿಡದ ಕಡ್ಡಿಗೋ ಬೇಲಿಯ ಕೊಂಬೆಗೋ ಅಂಗೈಯಷ್ಟು ಅಗಲದ ಪುಟ್ಟ ಎರಿಯನ್ನು ಕಟ್ಟುವುದು ಕೋಲುಜೇನು. ಕಡೂರು, ಅರಸೀಕೆರೆಯಂಥ ಬಯಲುಸೀಮೆಯ ಕಡೆ ಇದು ಹೆಚ್ಚು. ಗೋಡೆಯ ಸಂದಿಯಿಂದ ಮೇಣದ ಪುಟ್ಟ ಕೊಳವೆಯೊಂದು ಹೊರಗೆ ಚಾಚಿಕೊಂಡು, ಸೊಳ್ಳೆಗಿಂತ ಸ್ವಲ್ಪ ದಪ್ಪನೆಯ ಕಪ್ಪು ನೊಣಗಳು ಓಡಾಡುತ್ತಿದ್ದರೆ ಅದು ಮಿಸ್ರಿ, ಕೆಲವರು ಮುಜಂಟಿ ಎನ್ನುತ್ತಾರೆ, ನಸರಿ ಎನ್ನುವವರೂ ಇದ್ದಾರೆ. ಇದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ತೀರ ಕೆಣಕಿದರೆ ಕೂದಲಿಗೆ ಸಿಕ್ಕಿಕೊಂಡು ಕಡಿಯುತ್ತದೆ, ಅಷ್ಟೆ. ಮಿಸ್ರಿಗೆ ಹೆದರಿ ಗೋಡೆ ಒಡೆದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾಗದದಂಥ ಗೂಡನ್ನೋ ಮಣ್ಣಿನ ಗೂಡನ್ನೋ ಕಟ್ಟಿದ, ಸೊಂಟ ಸಣ್ಣಗಿರುವ ಹಳದಿ ಪಟ್ಟೆಯ ಹುಳುಗಳು ಕಣಜ ಅಥವಾ ಕಡಜದ ಜಾತಿ. ಅವು ಜೇನಲ್ಲ. ಜೇನಿನ ಮುಳ್ಳಿಗೆ ಕೊಕ್ಕೆಗಳಿರುವುದರಿಂದ ಒಮ್ಮೆ ಚುಚ್ಚಿದರೆ ಮುಳ್ಳು ಚರ್ಮದಲ್ಲೇ ಉಳಿದು ನೊಣ ಸಾಯುತ್ತದೆ; ಕಡಜ ಹಾಗಲ್ಲ, ಒಂದೇ ಹುಳು ಹಲವು ಸಲ ಚುಚ್ಚಬಲ್ಲದು. ಕೆಳಗೆ ಹೇಳುವ ಪೆಟ್ಟಿಗೆಯ ವಿಧಾನ ಅವಕ್ಕೆ ಹೊಂದುವುದಿಲ್ಲ.

ಇದ್ದಲ್ಲೇ ಬಿಡಬಹುದೇ?

ಬಹಳ ಸಲ ಬಿಡಬಹುದು, ಬಿಡುವುದೇ ಒಳ್ಳೆಯದು. ಮಿಸ್ರಿಯನ್ನು ಯಾವಾಗಲೂ ಬಿಡಬೇಕು. ತುಡುವೆಯ ಬಾಯಿ ಕೊಟ್ಟಿಗೆಯ ಹೊರಗೋಡೆಯಲ್ಲಿದ್ದು, ನೊಣಗಳು ದನದ ಓಡಾಟಕ್ಕೆ ಅಡ್ಡ ಬರದೆ ಹೊರಗಿನಿಂದಲೇ ಹಾರಿ ಹೋಗುತ್ತಿದ್ದರೆ, ಅದನ್ನು ಮುಟ್ಟುವ ಕಾರಣವೇ ಇಲ್ಲ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಿಕೊಳ್ಳುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತಂದುಕೊಡುವುದರಲ್ಲಿ ಗಾಳಿಯ ಜೊತೆ ಜೇನಿನ ಪಾಲೂ ದೊಡ್ಡದು. ಹೂಮಳೆಯಾಗಿ ತೋಟವೆಲ್ಲ ಬಿಳಿಯಾಗುವ ಆ ಕೆಲವೇ ದಿನಗಳಲ್ಲಿ ಮನೆಯ ಹಿಂದಿನ ಕೊಟ್ಟಿಗೆಯ ಜೇನೂ ನಮ್ಮ ಆಳೇ.

ನೊಣಗಳ ದಾರಿ ದನದ ತಲೆಯ ಮಟ್ಟದಲ್ಲಿ ಹಾದುಹೋಗುತ್ತಿದ್ದರೆ ನಡುವೆ ಒಂದು ತಡೆ ಕಟ್ಟಿದರೂ ಸಾಕಾಗುತ್ತದೆ. ಗೂಡಿನ ಬಾಯಿಯಿಂದ ಮೂರು ನಾಲ್ಕು ಅಡಿ ಈಚೆಗೆ, ಏಳು ಅಡಿ ಎತ್ತರಕ್ಕೆ, ನೆರಳುಪರದೆಯನ್ನೋ ಹೊಲಿದ ಗೋಣಿಯನ್ನೋ ಬಿಗಿದರೆ ಜೇನು ಅದನ್ನು ದಾಟಲು ಮೇಲೇರುತ್ತದೆ, ಏರಿದ ಮೇಲೆ ಮತ್ತೆ ದನದ ಮಟ್ಟಕ್ಕೆ ಇಳಿಯದೆ ಹೊರಟುಹೋಗುತ್ತದೆ. ಪರದೆ ಗಾಳಿಗೆ ಪಟಪಟ ಬಡಿಯಬಾರದು, ಕೆಳಗೂ ಕಟ್ಟಬೇಕು.

ಬಿಡಲಾಗದ ಸಂದರ್ಭಗಳೂ ಇವೆ. ಗೂಡು ಗೋದಲಿಯ ನೇರಕ್ಕಿದ್ದು ದನದ ಕೊಂಬು ತಾಗುವಂತಿದ್ದರೆ, ಹಾಲು ಕರೆಯುವ ಜಾಗದ ಮೇಲಿದ್ದರೆ, ಮನೆಯಲ್ಲಿ ಜೇನು ಕಚ್ಚಿದರೆ ಉಸಿರು ಕಟ್ಟುವ ತೊಂದರೆ ಇರುವವರಿದ್ದರೆ, ಅಥವಾ ಹುಲ್ಲು ಕತ್ತರಿಸುವ ಯಂತ್ರದ ಅದುರು ಆ ಗೋಡೆಗೆ ತಾಗುತ್ತಿದ್ದರೆ ಸ್ಥಳಾಂತರಿಸಲೇಬೇಕು. ಸ್ಥಳಾಂತರ ಎಂದೆ; ಸುಡುವುದೆಂದಲ್ಲ. ರಾತ್ರಿ ಸೂಡಿ ಹಚ್ಚಿ ಜೇನು ಸುಡುವ ಪದ್ಧತಿ ನಮ್ಮಲ್ಲಿ ಹಳೆಯದು. ಹುಲ್ಲಿನ ಅಟ್ಟದ ಕೆಳಗೆ ಅದನ್ನು ಮಾಡುವುದೆಂದರೆ ಕೊಟ್ಟಿಗೆಗೇ ಬೆಂಕಿ ಇಟ್ಟ ಹಾಗೆ. ಔಷಧಿ ಹೊಡೆದು ಕೊಂದರೂ ಕೆಲಸ ಮುಗಿಯುವುದಿಲ್ಲ: ಗೋಡೆಯೊಳಗೆ ಸತ್ತ ಮರಿಗಳು ಕೊಳೆತು ನಾರುತ್ತವೆ, ಕಾಯುವವರಿಲ್ಲದ ಜೇನುತುಪ್ಪ ಸೋರಿ ಇರುವೆ ಮುತ್ತುತ್ತದೆ, ಆ ವಿಷದ ತುಪ್ಪವನ್ನು ದೋಚಲು ಬಂದ ಬೇರೆ ಗೂಡಿನ ಜೇನೂ ಸಾಯುತ್ತದೆ, ತೊಟ್ಟಿಕ್ಕಿದ್ದು ಗೋದಲಿಗೆ ಬಿದ್ದರೆ ಹಸುವಿನ ಹೊಟ್ಟೆಗೂ ಹೋಗುತ್ತದೆ. ದನದ ಮೈಯ ಉಣ್ಣೆಹುಳಕ್ಕೆ ಹಚ್ಚುವ ಡೆಲ್ಟಾಮೆಥ್ರಿನ್‌ನಂಥ ಔಷಧಿಗಳು ಜೇನಿಗೆ ಘೋರ ವಿಷ ಎಂಬುದು ನೆನಪಿರಲಿ. ಗೂಡನ್ನು ಉಳಿಸಿಕೊಂಡಿರುವಾಗ ದನಕ್ಕೆ ಉಣ್ಣೆ ಔಷಧಿ ಸಿಂಪಡಿಸುವುದಿದ್ದರೆ ಕೊಟ್ಟಿಗೆಯಿಂದ ದೂರ ಒಯ್ದು, ಜೇನು ಒಳಸೇರಿದ ಸಂಜೆ ಸಿಂಪಡಿಸಬೇಕು.

ಕಾಲ ಮತ್ತು ಸಿದ್ಧತೆ

ಮಲೆನಾಡಿನ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತುಡುವೆಯನ್ನು ಎಬ್ಬಿಸಬಾರದು. ಹೊರಗೆ ಹೂವಿಲ್ಲ, ಬಿಡುವಿಲ್ಲದ ಮಳೆ. ಎಬ್ಬಿಸಿದ ಕುಟುಂಬ ಹಸಿದು ಸಾಯುತ್ತದೆ ಅಥವಾ ಪರಾರಿಯಾಗುತ್ತದೆ. ಆ ತಿಂಗಳುಗಳಲ್ಲಿ ಪರದೆ ಕಟ್ಟಿ, ದನದ ಸ್ಥಾನ ಬದಲಿಸಿ ದಿನ ದೂಡಬೇಕು. ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಮೇಲೆ, ಕಾಡಿನಲ್ಲಿ ಹೂವು ಕಾಣಿಸಿಕೊಂಡ ಹೊತ್ತಿಗೆ ಈ ಕೆಲಸ ಸುಲಭ.

ಹಿಂದೆಂದೂ ಮಾಡಿರದವರು ಒಬ್ಬರೇ ಕೈ ಹಾಕಬಾರದು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಜೇನು ಸಾಕುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಕುಟುಂಬವನ್ನು ತಾವೇ ಇಟ್ಟುಕೊಳ್ಳಿ ಎಂದರೆ ಹೆಚ್ಚಿನವರು ಸಂತೋಷದಿಂದಲೇ ಬರುತ್ತಾರೆ. ಯಾರೂ ಗೊತ್ತಿಲ್ಲದಿದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ, ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೇಂದ್ರದಲ್ಲಿ ವಿಚಾರಿಸಬಹುದು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಸಂಸಾರ ಕೋಣೆ (ಮರಿ ಬೆಳೆಸುವ ಕೋಣೆ) ಮತ್ತು ಚೌಕಟ್ಟುಗಳಿರುವ ಒಂದು ತುಡುವೆ ಪೆಟ್ಟಿಗೆ, ರಾಣಿ ಹೊರಹೋಗದಂತೆ ಪೆಟ್ಟಿಗೆಯ ಬಾಗಿಲಿಗೆ ಹಾಕುವ ರಾಣಿ ತಡೆ, ಹೊಗೆ ತಿದಿ, ತೆಂಗಿನ ಸಿಪ್ಪೆ, ಮುಖಪರದೆ, ಹರಿತವಾದ ಉದ್ದನೆಯ ಚಾಕು, ನೆನೆಸಿಟ್ಟ ಬಾಳೆನಾರು, ಮುಚ್ಚಳವಿರುವ ಪಾತ್ರೆ, ಎರಡು ಬಕೆಟ್ ನೀರು, ಗಟ್ಟಿಯಾದ ಏಣಿ. ಬಟ್ಟೆ ತಿಳಿ ಬಣ್ಣದ್ದಿರಲಿ. ಕಪ್ಪು ಬಣ್ಣ, ಉಣ್ಣೆಯ ಕಂಬಳಿ, ಸೆಂಟಿನ ವಾಸನೆ ಮೂರೂ ಜೇನನ್ನು ಕೆಣಕುತ್ತವೆ. ಮಾಗಿದ ಬಾಳೆಹಣ್ಣಿನ ಗೊನೆ ಅಟ್ಟದಲ್ಲಿದ್ದರೆ ಮೊದಲು ಅದನ್ನು ಕೆಳಗಿಳಿಸಿ. ಜೇನು ಚುಚ್ಚಿದಾಗ ಹೊರಬಿಡುವ ಎಚ್ಚರಿಕೆಯ ವಾಸನೆಯಲ್ಲಿ ಇರುವ ಮುಖ್ಯ ಅಂಶವೇ ಬಾಳೆಹಣ್ಣಿನ ಕಂಪಿನಲ್ಲೂ ಇರುತ್ತದೆ. ಒಂದು ನೊಣ ಕಚ್ಚಿದ ಜಾಗಕ್ಕೇ ಉಳಿದವು ಬಂದು ಕಚ್ಚುವುದು ಈ ವಾಸನೆಯಿಂದ. ಹಾಗಾಗಿ ಕಚ್ಚಿಸಿಕೊಂಡವರು ಮುಳ್ಳು ಕಿತ್ತು, ಆ ಜಾಗಕ್ಕೆ ಹೊಗೆ ಹಾಯಿಸಿಕೊಂಡೇ ಮುಂದುವರಿಯಬೇಕು.

ದನಗಳನ್ನು ಕನಿಷ್ಠ ಇನ್ನೂರು ಅಡಿ ಆಚೆಗೆ, ಗಾಳಿ ಕೊಟ್ಟಿಗೆಯಿಂದ ಬೀಸದ ದಿಕ್ಕಿಗೆ ಒಯ್ಯಬೇಕು. ಎಳೆಗರುಗಳನ್ನು ಮರೆಯಬಾರದು, ಅವುಗಳನ್ನು ಮೂಲೆಯಲ್ಲಿ ಬೇರೆಯಾಗಿ ಕಟ್ಟುವ ರೂಢಿಯಿಂದ ಗಡಿಬಿಡಿಯಲ್ಲಿ ಕರುವೇ ಉಳಿದುಹೋಗುತ್ತದೆ. ಹೊರಗೆ ಕಟ್ಟುವಾಗ ತುದಿ ಎಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುವ ಗಂಟು ಹಾಕಿ, ಒಬ್ಬರನ್ನು ಅಲ್ಲೇ ನಿಲ್ಲಿಸಬೇಕು. ಕಟ್ಟಿಹಾಕಿದ ನಾಯಿಗೂ ಗೂಡಿನಲ್ಲಿ ಕೂಡಿದ ಕೋಳಿಗೂ ಇದೇ ಮಾತು.

ತುಡುವೆಯನ್ನು ಪೆಟ್ಟಿಗೆಗೆ ಸೇರಿಸುವ ಕ್ರಮ

ಸಂಜೆ ನಾಲ್ಕರಿಂದ ನಾಲ್ಕೂವರೆಯ ಹೊತ್ತಿಗೆ ಆರಂಭಿಸಿದರೆ ಬೆಳಕಿರುವಾಗಲೇ ಎರಿ ತೆಗೆದು, ಕತ್ತಲಾಗುವ ಹೊತ್ತಿಗೆ ಹೊರಗಿನ ನೊಣಗಳೂ ಸೇರಿಕೊಳ್ಳಲು ಸಮಯ ಸಿಗುತ್ತದೆ. ಮೊದಲು ಗೂಡಿನ ಬಾಯಿಗೆ ತಂಪಾದ, ಬಿಳಿಯ ಹೊಗೆಯನ್ನು ಎರಡು ಮೂರು ಸಲ ಮೆಲ್ಲಗೆ ಊದಿ, ಒಂದೆರಡು ನಿಮಿಷ ಸುಮ್ಮನಿರಬೇಕು. ಹೊಗೆ ಎಚ್ಚರಿಕೆಯ ವಾಸನೆಯನ್ನು ಮುಚ್ಚುತ್ತದೆ. ಬೆಂಕಿ ಬಂತೆಂದು ನೊಣಗಳು ಹೊಟ್ಟೆ ತುಂಬ ತುಪ್ಪ ಕುಡಿದು ಜಡವಾಗುತ್ತವೆ. ಹೆಚ್ಚು ಹೊಗೆ ಹಾಕಿದರೆ ಹೆಚ್ಚು ಶಾಂತವಾಗುತ್ತವೆ ಎಂಬುದು ತಪ್ಪು. ಬಿಸಿ ಹೊಗೆ ತುಂಬಿದರೆ ಇಡೀ ಕುಟುಂಬ ರಾಣಿಯ ಸಮೇತ ಎದ್ದು ಹೋಗುತ್ತದೆ, ತುಡುವೆಗೆ ಆ ಚಾಳಿ ಹೆಚ್ಚು.

ಬಳಿಕ ಬಾಯಿಯನ್ನು ಸ್ವಲ್ಪ ಸ್ವಲ್ಪವಾಗಿ ಅಗಲ ಮಾಡಿ, ಕೈಗೆ ಮೊದಲು ಸಿಗುವ ಎರಿಯಿಂದ ಒಂದೊಂದಾಗಿ ಕೊಯ್ಯಬೇಕು. ಎರಿಯ ಮೇಲಿನ ನೊಣಗಳನ್ನು ಹೊಗೆಯಿಂದ ಮೆಲ್ಲಗೆ ಪಕ್ಕದ ಎರಿಗೆ ಸರಿಸಿ, ಮೇಲ್ಛಾವಣಿಗೆ ಅಂಟಿದ ಕಡೆ ಚಾಕು ಹಾಯಿಸಬೇಕು. ಕೊಯ್ದ ಎರಿಯಲ್ಲಿ ಎರಡು ಭಾಗಗಳಿರುತ್ತವೆ: ಮೇಲಿನದು ತುಪ್ಪ, ಕೆಳಗಿನದು ಮೊಟ್ಟೆ, ಹುಳು, ಮುಚ್ಚಿದ ಮರಿ. ತುಪ್ಪದ ಭಾರವನ್ನು ಕಟ್ಟಿದ ನಾರು ತಡೆಯುವುದಿಲ್ಲವಾದ್ದರಿಂದ ಅದನ್ನು ಕತ್ತರಿಸಿ ಕೂಡಲೇ ಪಾತ್ರೆಗೆ ಹಾಕಿ ಮುಚ್ಚಬೇಕು. ತೆರೆದಿಟ್ಟ ತುಪ್ಪಕ್ಕೆ ಬೇರೆ ಗೂಡುಗಳ ಜೇನು ಮುತ್ತಿದರೆ ಲೂಟಿ ಶುರುವಾಗಿ ಪರಿಸ್ಥಿತಿ ಕೈಮೀರುತ್ತದೆ. ಮರಿಯ ಭಾಗವನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಗೂಡಿನಲ್ಲಿ ಯಾವುದು ಮೇಲಿತ್ತೋ ಅದೇ ಮೇಲಿರುವಂತೆ ಚೌಕಟ್ಟಿನ ಮೇಲುಪಟ್ಟಿಗೆ ಒತ್ತಿ, ಬಾಳೆನಾರಿನಿಂದ ಎರಡು ಮೂರು ಕಡೆ ಸುತ್ತಿ ಕಟ್ಟಬೇಕು. ಎರಿ ಅಂಟಿಕೊಂಡ ಮೇಲೆ ನಾರನ್ನು ಜೇನೇ ಕಡಿದು ಹೊರಗೆ ಎಸೆಯುತ್ತದೆ. ಪ್ಲಾಸ್ಟಿಕ್ ದಾರ ಕಟ್ಟಿದರೆ ಆ ಅನುಕೂಲವಿಲ್ಲ, ನೊಣದ ಕಾಲು ಸಿಕ್ಕಿಕೊಳ್ಳುವುದೂ ಇದೆ.

ಎಲ್ಲರೂ ರಾಣಿಯನ್ನು ಹುಡುಕಲು ಹೊರಡುತ್ತಾರೆ. ಉಳಿದವಕ್ಕಿಂತ ಉದ್ದ ಹೊಟ್ಟೆ, ಅದಕ್ಕೆ ಹೋಲಿಸಿದರೆ ಗಿಡ್ಡ ರೆಕ್ಕೆ, ನಿಧಾನದ ನಡಿಗೆ. ಕಣ್ಣಿಗೆ ಬಿದ್ದರೆ ಖಾಲಿ ಬೆಂಕಿಪೊಟ್ಟಣದಲ್ಲಿ ಹಿಡಿದು ಪೆಟ್ಟಿಗೆಯ ಮರಿ ಎರಿಯ ಮೇಲೆ ಬಿಡಬಹುದು. ಸಿಗದಿದ್ದರೆ ಚಿಂತೆಯಿಲ್ಲ. ಎರಿಗಳೆಲ್ಲ ಪೆಟ್ಟಿಗೆ ಸೇರಿದ ಮೇಲೆ ಗೂಡಿನ ಮೂಲೆಯಲ್ಲಿ ನೊಣಗಳು ಮುದ್ದೆಗಟ್ಟುತ್ತವೆ, ರಾಣಿ ಇರುವುದು ಬಹುಪಾಲು ಆ ಮುದ್ದೆಯಲ್ಲಿ. ಅದನ್ನು ಒದ್ದೆ ಕೈಯಿಂದಲೋ ಮೃದುವಾದ ಸೊಪ್ಪಿನ ಕುಚ್ಚಿನಿಂದಲೋ ಬೊಗಸೆ ಬೊಗಸೆಯಾಗಿ ಪೆಟ್ಟಿಗೆಗೆ ಇಳಿಸಬೇಕು. ಪೆಟ್ಟಿಗೆಯ ಬಾಗಿಲಲ್ಲಿ ಕೆಲವು ನೊಣಗಳು ಬೆನ್ನು ಎತ್ತಿ ರೆಕ್ಕೆ ಬೀಸುತ್ತ ಉಳಿದವನ್ನು ಒಳಗೆ ಕರೆಯಲು ಶುರುಮಾಡಿದರೆ ರಾಣಿ ಒಳಗಿದ್ದಾಳೆ ಎಂದು ನಂಬಬಹುದು. ಎಲ್ಲವೂ ಹಳೆಯ ಮೂಲೆಗೇ ಮರಳುತ್ತಿದ್ದರೆ ಅವಳು ಇನ್ನೂ ಅಲ್ಲೇ ಇದ್ದಾಳೆ, ಮತ್ತೊಮ್ಮೆ ಇಳಿಸಬೇಕು.

ಪೆಟ್ಟಿಗೆಯನ್ನು ಹಳೆಯ ಬಾಯಿ ಇದ್ದ ಜಾಗಕ್ಕೆ ಆದಷ್ಟು ಹತ್ತಿರ ತೂಗುಹಾಕಿ, ಕತ್ತಲಾಗುವ ತನಕ ಬಿಡಬೇಕು. ಬ್ಯಾಟರಿ ಬೇಕಾದರೆ ಗಾಜಿಗೆ ಕೆಂಪು ಕಾಗದ ಸುತ್ತಿಕೊಳ್ಳಬೇಕು; ಜೇನಿಗೆ ಕೆಂಪು ಬಣ್ಣ ಕಾಣುವುದಿಲ್ಲ, ಬಿಳಿ ಬೆಳಕಿಗೆ ಮಾತ್ರ ನೇರವಾಗಿ ಹಾರಿ ಬರುತ್ತದೆ. ಎಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಗಾಳಿಯಾಡುವ ಜಾಲರಿ ಹಾಕಿ ಸಾಗಿಸಬೇಕು.

ಎಲ್ಲಿಗೆ? ಅಂಗಳದ ಆಚೆ ಬದಿಗೆ ಎನ್ನುವುದೇ ಹೆಚ್ಚಿನವರು ಮಾಡುವ ತಪ್ಪು. ನೊಣಗಳಿಗೆ ಗೊತ್ತಿರುವುದು ಜಾಗ, ಪೆಟ್ಟಿಗೆಯಲ್ಲ. ಮರುದಿನ ಹೊರಹೋದವೆಲ್ಲ ಹಳೆಯ ಗೋಡೆಗೇ ಬಂದು, ಮನೆ ಸಿಗದೆ, ದನದ ತಲೆಯ ಸುತ್ತ ಸುಳಿಯುತ್ತವೆ. ತುಡುವೆ ಸಾಮಾನ್ಯವಾಗಿ ಒಂದೂವರೆ ಕಿಲೋಮೀಟರ್ ಒಳಗೇ ಮೇವು ಹುಡುಕುವುದರಿಂದ, ಪೆಟ್ಟಿಗೆಯನ್ನು 3 ಕಿಲೋಮೀಟರ್ ಆಚೆಯ ನೆಂಟರ ತೋಟದಲ್ಲೋ ಸ್ನೇಹಿತರಲ್ಲೋ ಮೂರು ವಾರ ಇಟ್ಟು, ಆಮೇಲೆ ಬೇಕಿದ್ದರೆ ವಾಪಸು ತರಬಹುದು. ಅಂಥ ಅನುಕೂಲವಿಲ್ಲದಿದ್ದರೆ ಹಳೆಯ ಜಾಗದಿಂದ ದಿನಕ್ಕೆ ಒಂದೆರಡು ಅಡಿಯಂತೆ ಸರಿಸುತ್ತ ಹೋಗಬೇಕು. ಅಷ್ಟು ದಿನ ದನ ಹೊರಗೇ ಇರಬೇಕಾಗುತ್ತದೆ.

ಹೊಸ ಜಾಗದಲ್ಲಿ ರಾಣಿ ತಡೆಯನ್ನು ನಾಲ್ಕೈದು ದಿನ ಹಾಕಿಡಬೇಕು. ಎರಿಯಲ್ಲಿ ಮೊಟ್ಟೆ ಕಂಡಿದ್ದರೆ ಮಾತ್ರ ಈ ತಡೆ ಸರಿ. ಹೊಸದಾಗಿ ಪಾಲಾದ ಹಿಂಡಿನಲ್ಲಿ ಕೂಡದ ರಾಣಿ ಇರಬಹುದು, ಅವಳು ಹೊರಗೆ ಹಾರಿ ಗಂಡು ನೊಣಗಳನ್ನು ಕೂಡಿ ಬರಬೇಕು. ಸಕ್ಕರೆ ಮತ್ತು ನೀರನ್ನು ಸಮನಾಗಿ ಬೆರೆಸಿದ ಪಾಕವನ್ನು ಒಂದು ವಾರ ಪ್ರತಿ ಸಂಜೆ ಪೆಟ್ಟಿಗೆಯ ಒಳಗೇ ಇಡಬೇಕು. ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸದಿದ್ದರೆ ಇರುವೆ ಒಂದೇ ರಾತ್ರಿಯಲ್ಲಿ ಎಲ್ಲ ಶ್ರಮವನ್ನು ತಿಂದುಹಾಕುತ್ತದೆ. ಕುಟುಂಬ ಸಣ್ಣದಾಯಿತೆಂದು ಎಲ್ಲಿಂದಲೋ ಮರಿ ಎರಿ ತಂದು ಸೇರಿಸುವುದು ಬೇಡ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಖಾಲಿ ಮಾಡಿದ್ದನ್ನು ಹಿರಿಯ ಜೇನು ಸಾಕಣೆದಾರರು ಇಂದಿಗೂ ಮರೆತಿಲ್ಲ, ರೋಗ ಹಿಡಿದ ಮರಿ ಎರಿಯ ಮೂಲಕವೂ ಅದು ಹರಡುತ್ತದೆ.

ಗೋಡೆಯ ಒಳಗೆ ಕೈ ಹೋಗದಿದ್ದರೆ

ಕಲ್ಲುಗೋಡೆಯನ್ನು ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಗೂಡಿನ ಬಾಯಿ ಕೊಟ್ಟಿಗೆಯ ಒಳಕ್ಕೆ ಇದ್ದು, ಅದೇ ಪೊಟರೆಗೆ ಹೊರಗಿನಿಂದ ತೂತು ಕೊರೆಯಲು ಸಾಧ್ಯವಿದ್ದರೆ, ಅದರಂಥ ಉಪಾಯ ಬೇರೊಂದಿಲ್ಲ. ಮಣ್ಣಿನ ಗೋಡೆಯಲ್ಲಿ ಹೊರಗಿನಿಂದ ಬೆರಳು ಗಾತ್ರದ ತೂತನ್ನು ನಿಧಾನವಾಗಿ, ಬಡಿಯದೆ ಕೊರೆದು, ಎರಡು ಮೂರು ದಿನ ಎರಡೂ ಬಾಯಿಗಳನ್ನು ತೆರೆದಿಟ್ಟು, ಹೊಸ ದಾರಿಯ ಬಳಕೆ ಶುರುವಾದ ಮೇಲೆ ರಾತ್ರಿ ಒಳಬಾಯಿಯನ್ನು ಮಣ್ಣು ಸಗಣಿಯಿಂದ ಮೆತ್ತಬೇಕು. ಹೊರಬಾಯಿಯ ಮುಂದೆ ಒಂದು ಸೊಪ್ಪಿನ ಕೊಂಬೆ ಸಿಕ್ಕಿಸಿದರೆ, ಹೊರಬರುವ ನೊಣಗಳು ಏನೋ ಬದಲಾಗಿದೆ ಎಂದು ಗೂಡಿನ ಕಡೆ ತಿರುಗಿ ಹಾರಿ ಜಾಗವನ್ನು ಮತ್ತೆ ಗುರುತಿಸಿಕೊಳ್ಳುತ್ತವೆ. ನಮ್ಮ ಕೊಟ್ಟಿಗೆಯ ಪಡುವಣ ಗೋಡೆಯಲ್ಲಿ ಹೀಗೆ ತಿರುಗಿಸಿದ ಗೂಡು ಅಲ್ಲೇ ಉಳಿದುಕೊಂಡಿತು, ಒಳಗೆ ಹಸುವೂ ಅದರ ಪಾಡಿಗೆ ಇತ್ತು.

ಅದೂ ಸಾಧ್ಯವಿಲ್ಲದಲ್ಲಿ ಜಾಲರಿಯ ಶಂಕುವಿನಿಂದ ಬಸಿಯುವ ವಿಧಾನವಿದೆ. ಬಾಯಿಗೆ ಒಂದಡಿ ಉದ್ದದ ತಂತಿಜಾಲರಿಯ ಶಂಕುವನ್ನು ತುದಿಯಲ್ಲಿ ಒಂದು ನೊಣ ದಾಟುವಷ್ಟೇ ಕಂಡಿ ಬಿಟ್ಟು ಕೂರಿಸಿದರೆ, ಹೊರಬಂದವು ವಾಪಸು ಹೋಗಲಾರದೆ ಪಕ್ಕದಲ್ಲಿ ತೂಗಿಸಿದ ಪೆಟ್ಟಿಗೆಯನ್ನು ಸೇರುತ್ತವೆ. ಮೊಟ್ಟೆಯಿಂದ ನೊಣವಾಗಲು ತುಡುವೆಗೆ ಸುಮಾರು 20 ದಿನ ಬೇಕಾಗುವುದರಿಂದ ಇದು ಒಂದು ತಿಂಗಳಿಗೂ ಮಿಕ್ಕಿದ ಕೆಲಸ, ರಾಣಿ ಹೊರಬಾರದೆಯೂ ಇರಬಹುದು. ಅನುಭವಿಗಳು ಜೊತೆಗಿಲ್ಲದೆ ಇದಕ್ಕೆ ಇಳಿಯಬೇಡಿ.

ಹೆಜ್ಜೇನಿಗೆ ಕೈ ಹಾಕಬಾರದು

ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ, ಆದ್ದರಿಂದ ಸ್ಥಳಾಂತರದ ಪ್ರಶ್ನೆಯೇ ಇಲ್ಲ. ಅದು ವಲಸೆಯ ಜೇನು. ಮಲೆನಾಡಿನಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಎದ್ದು ಹೋಗುತ್ತದೆ. ಅಷ್ಟು ದಿನ ಕೊಟ್ಟಿಗೆಯನ್ನೇ ಬಿಟ್ಟುಕೊಟ್ಟು ದನಗಳಿಗೆ ಬೇರೆ ಚಪ್ಪರ ಹಾಕುವುದು ದುಬಾರಿ ಅನ್ನಿಸಬಹುದು, ಆದರೆ ಒಂದು ಕರೆಯುವ ಹಸುವಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಗೂಡಿನ ಕೆಳಗೆ ಹೊಗೆ ಏಳಿಸಬಾರದು, ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕುವ ಸಂಜೆಯ ಹೊಗೆಯನ್ನೂ ನಿಲ್ಲಿಸಬೇಕು. ರಾತ್ರಿ ಅದರ ಎದುರು ದೀಪ ಉರಿಸಬಾರದು. ಹದ್ದು ಎರಗಿ ಎರಿ ಕಿತ್ತಾಗ ಮನುಷ್ಯರ ತಪ್ಪಿಲ್ಲದೆಯೇ ಹೆಜ್ಜೇನು ಏಳುವುದರಿಂದ, ಎಚ್ಚರಿಕೆಯಿಂದ ಇದ್ದೇವೆ ಎಂಬ ಧೈರ್ಯದಲ್ಲಿ ಕೆಳಗೆ ದನ ಕಟ್ಟುವಂತಿಲ್ಲ.

ಜೇನು ಹೊಡೆದಾಗ

ಕಟ್ಟಿದ ದನದ ಮೇಲೆ ಜೇನು ಬಿದ್ದರೆ ಗಂಟು ಬಿಚ್ಚುತ್ತ ನಿಲ್ಲಬಾರದು. ಒದ್ದೆ ಗೋಣಿಯನ್ನು ಹೊದ್ದು ಹೋಗಿ ಕತ್ತಿಯಿಂದ ಹಗ್ಗ ಕಡಿದುಬಿಡಬೇಕು. ಕೊಟ್ಟಿಗೆಯ ಬಾಗಿಲ ಬಳಿ ಮೊಳೆಗೊಂದು ಕುಡುಗೋಲು ಸದಾ ನೇತಾಡುತ್ತಿರುವುದು ಈ ಕಾರಣಕ್ಕೂ ಒಳ್ಳೆಯದು. ಬಿಡಿಸಲು ಸಾಧ್ಯವೇ ಇಲ್ಲದ, ಜೀವ ಹೋಗುವ ಪರಿಸ್ಥಿತಿಯಲ್ಲಿ ಸಾಬೂನು ನೀರನ್ನು ಧಾರಾಳವಾಗಿ ಎರಚಿದರೆ ಮೈಗೆ ಮುತ್ತಿದ ನೊಣಗಳು ಸಾಯುತ್ತವೆ. ಜೇನನ್ನು ಉಳಿಸಬೇಕೆಂದು ಇಷ್ಟೆಲ್ಲ ಬರೆದವನೇ ಇದನ್ನೂ ಹೇಳುತ್ತಿದ್ದೇನೆ. ಆ ಗಳಿಗೆಯಲ್ಲಿ ಹಸು ಮುಖ್ಯ.

ದನವನ್ನು ನೆರಳಿಗೆ ಒಯ್ದು, ಮುಳ್ಳುಗಳನ್ನು ತಡಮಾಡದೆ ಉಗುರಿನಿಂದಲೋ ಚಾಕುವಿನ ಮೊಂಡು ಬದಿಯಿಂದಲೋ ಕೆರೆದು ತೆಗೆಯಬೇಕು. ಚರ್ಮದಲ್ಲಿ ಉಳಿದ ಮುಳ್ಳಿನ ಚೀಲ ಇನ್ನೂ ವಿಷ ಒತ್ತುತ್ತಲೇ ಇರುತ್ತದೆ. ಮೂತಿ, ಕಣ್ಣು, ಕಿವಿ, ಬಾಲದ ಕೆಳಗು, ಕೆಚ್ಚಲು ಈ ಕಡೆಗಳಲ್ಲಿ ಹೆಚ್ಚು ಹುಡುಕಬೇಕು. ಆಮೇಲೆ ತಣ್ಣೀರು ಹೊಯ್ಯುತ್ತಿರಬೇಕು. ಸುಣ್ಣ ಹಚ್ಚುವ ರೂಢಿಯವರು ಕಣ್ಣಿನ ಬಳಿ ಮಾತ್ರ ಹಚ್ಚಬೇಡಿ, ಕಣ್ಣೇ ಹೋಗಬಹುದು. ಗಂಟಲು ಬಾತಿರುವಾಗ ಗೊಟ್ಟದಲ್ಲಿ ಯಾವ ಔಷಧಿಯನ್ನೂ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತಾರು ಮುಳ್ಳು ಸಿಕ್ಕಿದರೆ, ಮೂತಿ ಅಥವಾ ಗಂಟಲು ಊದಿದರೆ, ಉಸಿರಾಟದಲ್ಲಿ ಗೊರಗೊರ ಸದ್ದು ಬಂದರೆ, ಮುಂದಿನ ಒಂದೆರಡು ದಿನಗಳಲ್ಲಿ ಮೂತ್ರ ಕೆಂಪಾಗಿ ಕಂಡರೆ ಪಶುವೈದ್ಯರು ಬರಲೇಬೇಕು. 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ. ಮನುಷ್ಯರಿಗೆ ಉಸಿರಾಟದ ತೊಂದರೆ, ಮೈಯೆಲ್ಲ ದದ್ದು, ತಲೆಸುತ್ತು ಕಂಡರೆ 108ಕ್ಕೆ ಕರೆ ಮಾಡುವುದರಲ್ಲಿ ಒಂದು ನಿಮಿಷವೂ ತಡವಾಗಬಾರದು.

ಖಾಲಿಯಾದ ಜಾಗ

ಜೇನು ಹೋದ ಮೇಲೆ ಉಳಿದ ಮೇಣವನ್ನು ಪೂರ್ತಿ ಕೆರೆದು, ಕುದಿಯುವ ನೀರಿನಿಂದ ಉಜ್ಜಿ, ಸುಣ್ಣ ಬಳಿಯಬೇಕು. ಹಳೆಯ ಮೇಣದ ವಾಸನೆ ಮುಂದಿನ ಹಿಂಡಿಗೆ ಕರೆಯೋಲೆ. ಉಳಿದ ಎರಿಗೆ ಮೇಣದ ಪತಂಗ ಹಿಡಿಯುವುದಂತೂ ಖಂಡಿತ, ಕಾಡಂಚಿನ ಮನೆಗಳಲ್ಲಿ ತುಪ್ಪದ ವಾಸನೆಗೆ ಕರಡಿಯೇ ಬರಬಹುದು. ಬಿರುಕುಗಳನ್ನು ಮಣ್ಣಿನಿಂದಲೋ ಗಾರೆಯಿಂದಲೋ ತುಂಬಿ, ಗಾಳಿಗೆ ಬೇಕಾದ ಕಂಡಿಗಳಿಗೆ ಸೊಳ್ಳೆ ಜಾಲರಿ ಬಡಿಯಬೇಕು. ಮಿಸ್ರಿಯ ಕೊಳವೆಯನ್ನು ಮಾತ್ರ ಮುಚ್ಚಬಾರದು. ಈ ಕೆಲಸಕ್ಕೆ ಸರಿಯಾದ ತಿಂಗಳು ಅಕ್ಟೋಬರ್, ಹಿಂಡುಗಳು ಪಾಲಾಗಿ ಮನೆ ಹುಡುಕಲು ಹೊರಡುವುದಕ್ಕೆ ಮೊದಲು.

ದನಗಳನ್ನು ಒಳಗೆ ತರುವ ಮುನ್ನ ಎರಡು ದಿನ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಹಳೆಯ ಬಾಯಿಯ ಬಳಿ ನಿಂತು ನೋಡಬೇಕು. ಅಲೆದಾಡುವ ನೊಣಗಳು ಹತ್ತಕ್ಕಿಂತ ಕಡಿಮೆಯಾಗಿದ್ದರೆ, ಮೊದಲು ಸಾಧುವಾದ ಹಳೆಯ ಹಸುವೊಂದನ್ನು ಬಿಚ್ಚುಗಂಟಿನಲ್ಲಿ ಕಟ್ಟಿ, ಒಂದು ಹಗಲು ಕಳೆದ ಮೇಲೆ ಉಳಿದವನ್ನು ತರಬಹುದು.